ನಾಯಿಮರಿಯ ‘ಡಿಎನ್‌ಎ ಸರ್ಟಿಫಿಕೇಟ್’: ಲ್ಯಾಬ್ ನಂಬುವ ಮುನ್ನ ಏನು ನೋಡಬೇಕು?

ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯಿಂದ ಓದುಗರೊಬ್ಬರು ನಮಗೊಂದು ಪಿಡಿಎಫ್ ಕಳಿಸಿದ್ದರು. ಲ್ಯಾಬ್ರಡಾರ್ ಮರಿ ಮಾರುವವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದಂತೆ. ಮೇಲೆ ಬಂಗಾರದ ಬಣ್ಣದ ಮುದ್ರೆ, ಕೆಳಗೆ ‘ಸರ್ಟಿಫೈಡ್ ಲ್ಯಾಬ್‌ನಲ್ಲಿ ಡಿಎನ್‌ಎ ಪರೀಕ್ಷೆ ಆಗಿದೆ, 200ಕ್ಕೂ ಹೆಚ್ಚು ರೋಗಗಳಿಂದ ಮುಕ್ತ’ ಎಂಬ ಸಾಲು. ಅದೇ ಕಾರಣಕ್ಕೆ ಮರಿಯ ಬೆಲೆಯೂ ಮಾಮೂಲಿಗಿಂತ ಹೆಚ್ಚು. ‘ಇದನ್ನು ನಂಬಬಹುದೇ? ನಾವೇ ಪರೀಕ್ಷೆ ಮಾಡಿಸುವುದಾದರೆ ಯಾವ ಲ್ಯಾಬ್ ಒಳ್ಳೆಯದು?’ ಎಂಬುದು ಅವರ ಪ್ರಶ್ನೆ.

ಚಿಕ್ಕ ಉತ್ತರ ಇಷ್ಟು. ಮಾನ್ಯತೆ ಸಿಗುವುದು ಲ್ಯಾಬ್‌ನ ಹೆಸರಿಗಲ್ಲ, ಅದು ಮಾಡುವ ಒಂದೊಂದು ಪರೀಕ್ಷೆಗೆ. ಆ ಪರೀಕ್ಷೆ ಸರಿಯಾಗಿದ್ದರೂ, ಕಳಿಸಿದ ಜೊಲ್ಲು ಅದೇ ನಾಯಿಯದ್ದು ಎಂದು ಗೊತ್ತಾಗದಿದ್ದರೆ ವರದಿಗೆ ಬೆಲೆಯಿಲ್ಲ. ಇನ್ನು ‘ರೋಗಮುಕ್ತ’ ಎಂಬ ಮಾತನ್ನು ಯಾವ ಡಿಎನ್‌ಎ ಪರೀಕ್ಷೆಯೂ ಹೇಳಲಾರದು. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಡಿಎನ್‌ಎ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಕೆಲವು ರೋಗಗಳಿಗೆ ಒಂದೇ ಜೀನ್‌ನಲ್ಲಿರುವ ಒಂದು ಸಣ್ಣ ದೋಷ ಕಾರಣ. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್, ಪೂಡಲ್ ಮೊದಲಾದ ಹಲವು ತಳಿಗಳಲ್ಲಿ ಕಾಣುವ ಪಿಆರ್‌ಎ ಎಂಬ ಕಣ್ಣಿನ ರೋಗ ಹೀಗೆ. ಮೊದಲು ರಾತ್ರಿ ಕಣ್ಣು ಕಾಣುವುದಿಲ್ಲ, ಬರಬರುತ್ತಾ ಪೂರ್ತಿ ಕುರುಡು. ಇದರಲ್ಲಿ ಪಿಆರ್‌ಸಿಡಿ ಎಂಬ ಬಗೆಗೆ ಕಾರಣವಾದ ಡಿಎನ್‌ಎ ಅಕ್ಷರವೊಂದರ ಬದಲಾವಣೆಯನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. (ಇರುಳುಗುರುಡಿನಿಂದ ಶುರುವಾಗುವ ಇಂಥದೇ ಕಣ್ಣಿನ ರೋಗವಿದ್ದ ಒಬ್ಬ ಮನುಷ್ಯನಲ್ಲೂ ಅದೇ ಬದಲಾವಣೆ ಕಂಡಿತ್ತು.) ಜೋರಾಗಿ ಓಡಿದ ಐದು-ಹದಿನೈದು ನಿಮಿಷದಲ್ಲಿ ಲ್ಯಾಬ್ರಡಾರ್‌ನ ಹಿಂಗಾಲು ಸೋತು ಬೀಳುವ ಇಐಸಿ ಎಂಬ ತೊಂದರೆಯ ಜೀನ್ 2008ರಲ್ಲಿ ಗೊತ್ತಾಯಿತು. ಇಂಥವಕ್ಕೆ ಡಿಎನ್‌ಎ ಪರೀಕ್ಷೆ ನಿಜಕ್ಕೂ ಒಳ್ಳೆಯ ಸಾಧನ. ಮರಿ ಎಂಟು ವಾರದ್ದಿರುವಾಗಲೇ ಉತ್ತರ ಸಿಗುತ್ತದೆ.

ಆದರೆ ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ಸಾಕಿದವರನ್ನು ಹೆಚ್ಚು ಕಾಡುವುದು ಸೊಂಟದ ಕೀಲಿನ ತೊಂದರೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ. ಇದಕ್ಕೆ ಒಂದು ಜೀನ್ ಕಾರಣವಲ್ಲ. ಹಲವು ಜೀನ್‌ಗಳು, ಮರಿಯ ತೂಕ, ಊಟ, ಓಡಾಟ ಎಲ್ಲ ಸೇರುತ್ತವೆ. ‘ಹೌದು-ಇಲ್ಲ’ ಎನ್ನುವ ಡಿಎನ್‌ಎ ಪರೀಕ್ಷೆ ಇದಕ್ಕಿಲ್ಲ, ಎಕ್ಸ್‌ರೇ ತೆಗೆದೇ ನೋಡಬೇಕು. ಅಮೆರಿಕದ ಒಎಫ್‌ಎ ಎಂಬ ಸಂಸ್ಥೆ ಸೊಂಟದ ಅಂತಿಮ ದರ್ಜೆ ಕೊಡುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆ. ಹಾಗಾಗಿ ಎರಡು ತಿಂಗಳ ಮರಿಯ ಸರ್ಟಿಫಿಕೇಟಿನಲ್ಲಿ ‘ಹಿಪ್ ಕ್ಲಿಯರ್’ ಎಂದು ಬರೆದಿದ್ದರೆ ಅನುಮಾನಿಸಿ. ಕೇಳಬೇಕಾದದ್ದು ಅದರ ತಂದೆ-ತಾಯಿಯ ಎಕ್ಸ್‌ರೇ ವರದಿಯನ್ನು. ಎಕ್ಸ್‌ರೇಗೆ ಭಟ್ಕಳ, ಹೊನ್ನಾವರ ಕಡೆಯವರು ಗೇರುಸೊಪ್ಪೆ ಘಾಟಿ ಹತ್ತಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ನಮ್ಮ ಕರಾವಳಿಯ ನಾಯಿಗಳಿಗೆ ದಿನನಿತ್ಯ ಕಾಟ ಕೊಡುವ ಉಣುಗಿನ ಜ್ವರ, ಪಾರ್ವೊ, ಡಿಸ್ಟೆಂಪರ್ ಇವಕ್ಕೂ ಡಿಎನ್‌ಎ ವರದಿಗೂ ಸಂಬಂಧವೇ ಇಲ್ಲ. 200 ರೋಗಗಳ ಪಟ್ಟಿಯಲ್ಲಿ ‘ಮುಕ್ತ’ ಎನಿಸಿಕೊಂಡ ಮರಿ ಲಸಿಕೆ ಹಾಕಿಸದಿದ್ದರೆ ಪಾರ್ವೊದಿಂದ ಸಾಯಬಹುದು.

‘ಕ್ಯಾರಿಯರ್’ ಎಂದರೆ ರೋಗಿಯಲ್ಲ

ವರದಿಯಲ್ಲಿ ಸಾಮಾನ್ಯವಾಗಿ ಮೂರು ಪದಗಳಿರುತ್ತವೆ: ಕ್ಲಿಯರ್, ಕ್ಯಾರಿಯರ್, ಅಫೆಕ್ಟೆಡ್. ಪ್ರತಿ ನಾಯಿಗೂ ಒಂದು ಜೀನ್‌ನ ಎರಡು ಪ್ರತಿ ಇರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಪಿಆರ್‌ಸಿಡಿಯಂಥ ರೋಗದಲ್ಲಿ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ರೋಗ. ಒಂದು ಕೆಟ್ಟು ಒಂದು ಸರಿ ಇದ್ದರೆ ಅದು ಕ್ಯಾರಿಯರ್, ಅಂದರೆ ವಾಹಕ. ಆ ನಾಯಿಗೆ ಆ ರೋಗ ಬರುವುದಿಲ್ಲ.

ತೊಂದರೆ ಆಗುವುದು ಎರಡು ವಾಹಕಗಳನ್ನು ಕೂಡಿಸಿದಾಗ. ಆಗ ಸರಾಸರಿ ನಾಲ್ಕು ಮರಿಯಲ್ಲಿ ಒಂದಕ್ಕೆ ರೋಗ, ಎರಡು ವಾಹಕ, ಒಂದು ಕ್ಲಿಯರ್. ವಾಹಕವನ್ನು ಕ್ಲಿಯರ್ ನಾಯಿಯ ಜೊತೆ ಕೂಡಿಸಿದರೆ ಒಂದು ಮರಿಗೂ ಆ ರೋಗ ಬರುವುದಿಲ್ಲ, ಅರ್ಧದಷ್ಟು ವಾಹಕವಾಗಬಹುದು ಅಷ್ಟೆ. ಆದ್ದರಿಂದ ‘ಕ್ಯಾರಿಯರ್ ಬಂದಿದೆ, ಈ ಮರಿ ಬೇಡ’ ಎಂದು ವಾಪಸ್ ಕೊಡುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಸಾಕಲು, ಮರಿ ಹಾಕಿಸುವ ಉದ್ದೇಶವಿಲ್ಲ ಎಂದಾದರೆ ಕ್ಯಾರಿಯರ್ ನಾಯಿಯೂ ಕ್ಲಿಯರ್ ನಾಯಿಯೂ ಈ ರೋಗದ ಮಟ್ಟಿಗೆ ಒಂದೇ.

‘ಅಫೆಕ್ಟೆಡ್’ ಎಂಬುದೂ ಯಾವಾಗಲೂ ‘ರೋಗ ಬಂದೇ ಬರುತ್ತದೆ’ ಎಂದಲ್ಲ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೂವರು ತಜ್ಞರು ಒಂದು ಘಟನೆ ಬರೆದಿದ್ದರು. 13 ವರ್ಷದ ಒಂದು ಪಗ್ ನಾಯಿಗೆ ನಡೆಯಲು ಕಷ್ಟವಾಗುತ್ತಿತ್ತು. ಮಾಲೀಕರು 65 ಡಾಲರ್ ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿದರು. ಬೆನ್ನುಹುರಿ ಕ್ಷಯಿಸುವ ಡಿಎಂ ಎಂಬ ರೋಗಕ್ಕೆ ಸಂಬಂಧಿಸಿದ ಜೀನ್ ದೋಷ ಅದರಲ್ಲಿ ಕಂಡಿತು. ನರಳಿ ಸಾಯುವುದು ಬೇಡವೆಂದು ಅವರು ನಾಯಿಗೆ ದಯಾಮರಣ ಕೊಡಿಸಿದರು. ಆದರೆ ಆ ದೋಷವಿರುವ ನಾಯಿಗಳಲ್ಲಿ ಆ ರೋಗ ಬರುವುದು ನೂರಕ್ಕೆ ಒಂದರಷ್ಟಕ್ಕೆ ಮಾತ್ರ. ಅದಕ್ಕಿದ್ದದ್ದು ಚಿಕಿತ್ಸೆಯಿಂದ ಗುಣವಾಗುವ ಬೆನ್ನಿನ ತೊಂದರೆಯೂ ಆಗಿದ್ದಿರಬಹುದು ಎಂಬುದು ಆ ಲೇಖಕರ ಮಾತು. ಅಲ್ಲಿ ಲ್ಯಾಬ್ ತಪ್ಪು ಓದಿರಲಿಲ್ಲ. ಓದಿದ್ದನ್ನು ವಿವರಿಸಿ ಹೇಳುವವರು ಇರಲಿಲ್ಲ. ಆದ್ದರಿಂದ ಲ್ಯಾಬ್ ಆರಿಸುವಾಗ ನಾವು ಕೇಳುವ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ‘ಫಲಿತಾಂಶ ಬಂದ ಮೇಲೆ ಪಶುವೈದ್ಯರೋ ತಳಿವಿಜ್ಞಾನ ಬಲ್ಲವರೋ ನಮ್ಮ ಜೊತೆ ಮಾತಾಡುತ್ತಾರಾ?’ ಎಂಬುದು.

‘ಸರ್ಟಿಫೈಡ್ ಲ್ಯಾಬ್’ ಎಂದರೆ ಯಾರು ಸರ್ಟಿಫೈ ಮಾಡಿದ್ದು?

ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಜಾಹೀರಾತುಗಳಲ್ಲಿ ತುಂಬ ಕಾಣುವುದು ‘ಐಎಸ್‌ಒ 9001’. ಇದು ಒಂದು ಸಂಸ್ಥೆಯ ಆಡಳಿತ, ದಾಖಲೆ, ಗ್ರಾಹಕ ಸೇವೆ ಕ್ರಮಬದ್ಧವಾಗಿದೆ ಎನ್ನುವ ಪ್ರಮಾಣಪತ್ರ. ಹಂಚಿನ ಕಾರ್ಖಾನೆಗೂ ಸಿಗುತ್ತದೆ, ಕಾಲೇಜಿಗೂ ಸಿಗುತ್ತದೆ. ಡಿಎನ್‌ಎ ಪರೀಕ್ಷೆಯ ಫಲಿತಾಂಶ ಸರಿಯೇ ಎಂಬುದನ್ನು ಅದು ನೋಡುವುದಿಲ್ಲ.

ಪರೀಕ್ಷಾ ಲ್ಯಾಬ್‌ಗಳ ಸಾಮರ್ಥ್ಯವನ್ನು ಅಳೆಯುವ ಮಾನದಂಡ ‘ಐಎಸ್‌ಒ/ಐಇಸಿ 17025’. ಭಾರತದಲ್ಲಿ ಇದರ ಪ್ರಕಾರ ಮಾನ್ಯತೆ ಕೊಡುವುದು ಎನ್‌ಎಬಿಎಲ್, ಅದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಒಂದು ಮಂಡಳಿ. ಮನುಷ್ಯರ ರಕ್ತ-ಮೂತ್ರ ಪರೀಕ್ಷೆ ಮಾಡುವ ಲ್ಯಾಬ್‌ಗಳಿಗೆ ಬೇರೆ ಮಾನದಂಡ, ಐಎಸ್‌ಒ 15189. ಎನ್‌ಎಬಿಎಲ್ ಪ್ರಮಾಣಪತ್ರದ ಸಂಖ್ಯೆ ನೋಡಿ: ‘ಟಿಸಿ’ ಎಂದು ಶುರುವಾದರೆ ಅದು ಪರೀಕ್ಷಾ ಲ್ಯಾಬ್, ‘ಎಂಸಿ’ ಎಂದಿದ್ದರೆ ಮನುಷ್ಯರ ವೈದ್ಯಕೀಯ ಲ್ಯಾಬ್. ನಾಯಿಯ ಡಿಎನ್‌ಎ ವರದಿಯ ಮೇಲೆ ‘ಎಂಸಿ’ ಸಂಖ್ಯೆ ಇದ್ದರೆ ಆ ಮುದ್ರೆ ನಾಯಿಯ ಪರೀಕ್ಷೆಗೆ ಸಿಕ್ಕಿದ್ದಲ್ಲ.

‘ಟಿಸಿ’ ಇದ್ದರೂ ಸಾಲದು. ಪ್ರತಿ ಮಾನ್ಯತೆಯ ಜೊತೆ ‘ಸ್ಕೋಪ್’ ಎಂಬ ಪಟ್ಟಿ ಇರುತ್ತದೆ, ಯಾವ ವಸ್ತುವಿನ ಮೇಲೆ, ಯಾವ ವಿಧಾನದಲ್ಲಿ, ಯಾವ ಪರೀಕ್ಷೆಗೆ ಮಾನ್ಯತೆ ಎಂದು. ಹಾಲು, ನೀರು, ಪಶು ಆಹಾರ ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬ್ ನಾಯಿಯ ಜೀನ್ ಪರೀಕ್ಷೆಯನ್ನೂ ಮಾಡಬಹುದು, ತಪ್ಪೇನಿಲ್ಲ. ಆದರೆ ಸ್ಕೋಪ್‌ನಲ್ಲಿ ಆ ಪರೀಕ್ಷೆ ಇಲ್ಲದಿದ್ದರೆ ಮಾನ್ಯತೆಯ ಬಲ ಅದಕ್ಕಿಲ್ಲ. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಲ್ಯಾಬ್ ಹೆಸರು ಅಥವಾ ಸಂಖ್ಯೆ ಹಾಕಿ ಹುಡುಕಿದರೆ ಸ್ಕೋಪ್ ಮತ್ತು ಮಾನ್ಯತೆ ಯಾವ ದಿನಾಂಕದವರೆಗೆ ಎಂಬುದು ಸಿಗುತ್ತದೆ. ಮೊಬೈಲ್‌ನಲ್ಲಿ ಐದು ನಿಮಿಷದ ಕೆಲಸ. ಮರಿ ಮಾರುವವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಬೇಡಿ, ನೀವೇ ತೆರೆದು ನೋಡಿ.

ಮಾದರಿಯನ್ನು ಹೊರದೇಶಕ್ಕೆ ಕಳಿಸುವವರೂ ಇದ್ದಾರೆ. ಅಲ್ಲಿಯೂ ಇದೇ ಕ್ರಮ. ಅಮೆರಿಕದ ಎ2ಎಲ್‌ಎ, ಬ್ರಿಟನ್ನಿನ ಯುಕೆಎಎಸ್, ಜರ್ಮನಿಯ ಡಾಕ್ಸ್ ಇವೆಲ್ಲ ನಮ್ಮ ಎನ್‌ಎಬಿಎಲ್‌ನಂಥ ಮಾನ್ಯತಾ ಸಂಸ್ಥೆಗಳು, ಪರಸ್ಪರ ಒಪ್ಪಂದದಿಂದ ಒಬ್ಬರ ಮಾನ್ಯತೆಯನ್ನು ಇನ್ನೊಬ್ಬರು ಒಪ್ಪುತ್ತಾರೆ. ‘ಫಾರಿನ್ ಲ್ಯಾಬ್’ ಎಂಬ ಒಂದೇ ಕಾರಣಕ್ಕೆ ನಂಬುವುದು ಬೇಡ.

ಇನ್ನೊಂದು ಗುರುತು ಐಸ್ಯಾಗ್ ಎಂಬ ಅಂತರರಾಷ್ಟ್ರೀಯ ಪ್ರಾಣಿ ತಳಿವಿಜ್ಞಾನ ಸಂಘದ ಹೋಲಿಕೆ ಪರೀಕ್ಷೆ. ಒಂದೇ ಮಾದರಿಗಳನ್ನು ಜಗತ್ತಿನ ಬೇರೆ ಬೇರೆ ಲ್ಯಾಬ್‌ಗಳಿಗೆ ಕಳಿಸಿ, ಎಲ್ಲರ ಉತ್ತರವನ್ನು ಹೋಲಿಸುತ್ತಾರೆ. ಶಾಲೆಯ ಪರೀಕ್ಷೆಯ ಹಾಗೆಯೇ. ‘ನೀವು ನಾಯಿಯ ಹೋಲಿಕೆ ಪರೀಕ್ಷೆಯಲ್ಲಿ ಕಳೆದ ಬಾರಿ ಭಾಗವಹಿಸಿದ್ದೀರಾ, ಫಲಿತಾಂಶ ಕೊಡುತ್ತೀರಾ’ ಎಂದು ಕೇಳಿದರೆ ಒಳ್ಳೆಯ ಲ್ಯಾಬ್ ಸಂತೋಷದಿಂದಲೇ ಉತ್ತರಿಸುತ್ತದೆ.

200 ರೋಗಗಳ ಪ್ಯಾಕೇಜ್ ಬೇಕೇ?

ನಮ್ಮ ಅಭಿಪ್ರಾಯದಲ್ಲಿ ಬೇಡ. ಕೊಡುವ ದುಡ್ಡು ವ್ಯರ್ಥ ಎನ್ನುವುದಕ್ಕಿಂತ, ಬೇಡದ ಭಯ ಹುಟ್ಟುತ್ತದೆ ಎನ್ನುವುದು ಕಾರಣ. ಒಂದು ತಳಿಯಲ್ಲಿ ರೋಗ ತರುವ ಜೀನ್ ದೋಷ ಇನ್ನೊಂದು ತಳಿಯಲ್ಲಿ ರೋಗ ತರುತ್ತದೆಯೇ ಎಂಬುದನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಿ ತಿಳಿಯಬೇಕು. ಪಗ್‌ನ ಕಥೆಯಲ್ಲಿ ಎಡವಿದ್ದು ಇಲ್ಲೇ. ಲ್ಯಾಬ್ರಡಾರ್ ಕೊಳ್ಳುವವರಿಗೆ ಪಿಆರ್‌ಸಿಡಿ, ಇಐಸಿ ಜೊತೆಗೆ ಸ್ನಾಯು ಸೊರಗುವ ಸಿಎನ್‌ಎಂ ಎಂಬ ತೊಂದರೆಯ ಪರೀಕ್ಷೆ ಸಾಕು. ಡೋಬರ್‌ಮನ್ ಆದರೆ ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ರೋಗದ ಪರೀಕ್ಷೆ, ಡಾಲ್ಮೇಶಿಯನ್ ಆದರೆ ಮೂತ್ರಕೋಶದಲ್ಲಿ ಕಲ್ಲಾಗಿಸುವ ಯೂರಿಕ್ ಆಮ್ಲದ ದೋಷದ ಪರೀಕ್ಷೆ.

ಲ್ಯಾಬ್ ಹೇಳಿದ್ದನ್ನು ಪರಿಶೀಲಿಸಲು ಉಚಿತ ದಾರಿಯೊಂದಿದೆ. ಸಿಡ್ನಿ ವಿಶ್ವವಿದ್ಯಾಲಯದ ‘ಒಮಿಯಾ’ ಎಂಬ ದತ್ತಕೋಶದಲ್ಲಿ ಪ್ರಾಣಿಗಳ ಆನುವಂಶಿಕ ರೋಗಗಳು, ಅವುಗಳ ಜೀನ್, ಯಾವ ತಳಿಯಲ್ಲಿ ಕಂಡಿದೆ, ಮೂಲ ಸಂಶೋಧನೆ ಯಾವುದು ಎಲ್ಲ ಇದೆ. ಅದರಲ್ಲಿ ನಾಯಿಯ ನಮೂದುಗಳ ಸಂಖ್ಯೆ 9615 ಎಂದು ಮುಗಿಯುತ್ತದೆ. ಒಳ್ಳೆಯ ಲ್ಯಾಬ್‌ಗಳು ವರದಿಯಲ್ಲೇ ಈ ಸಂಖ್ಯೆ ಬರೆಯುತ್ತವೆ. ರೋಗದ ಹೆಸರು ಬಿಟ್ಟರೆ ಜೀನ್‌ನ ಹೆಸರನ್ನೂ ಕೊಡದ ವರದಿಯಿಂದ ಪ್ರಯೋಜನವಿಲ್ಲ, ಬೇರೆಯವರು ಅದನ್ನು ಮರುಪರಿಶೀಲಿಸಲು ಆಗುವುದಿಲ್ಲ.

ಮನೆಯಲ್ಲಿ ಸಾಕುವವರಿಗೂ ನಿಜಕ್ಕೂ ಉಪಯೋಗಕ್ಕೆ ಬರುವ ಪರೀಕ್ಷೆ ಒಂದಿದೆ, ಎಂಡಿಆರ್1. ಕಜ್ಜಿಗೆ, ಉಣುಗಿಗೆ ಎಂದು ದನಕ್ಕೆ ಕೊಡುವ ಐವರ್ಮೆಕ್ಟಿನ್ ಚುಚ್ಚುಮದ್ದನ್ನೇ ನಾಯಿಗೂ ಕೊಡಿಸುವುದು ನಮ್ಮ ಕಡೆ ಕಾಣಸಿಗುತ್ತದೆ. ಈ ಜೀನ್‌ನಲ್ಲಿ ದೋಷವಿರುವ ನಾಯಿಗೆ ಹೆಚ್ಚಿನ ಪ್ರಮಾಣದ ಐವರ್ಮೆಕ್ಟಿನ್ ಮಿದುಳಿಗೆ ಸೇರಿ ಪ್ರಾಣಕ್ಕೇ ಅಪಾಯವಾಗಬಹುದು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಈ ದೋಷವನ್ನು 2001ರಲ್ಲಿ ಗುರುತಿಸಿದರು. ಅವರ ಪಟ್ಟಿಯಂತೆ ಕೋಲಿಗಳಲ್ಲಿ ಸುಮಾರು 70 ಶೇಕಡಾ, ಜರ್ಮನ್ ಶೆಫರ್ಡ್‌ಗಳಲ್ಲಿ ಸುಮಾರು 10 ಶೇಕಡಾ ನಾಯಿಗಳಲ್ಲಿ ಇದಿದೆ. ಈ ತಳಿಗಳನ್ನು ಸಾಕುವವರು ಬೇರೆ ಯಾವ ಪರೀಕ್ಷೆ ಬಿಟ್ಟರೂ ಇದನ್ನು ಬಿಡಬಾರದು ಎಂಬುದು ನಮ್ಮ ಸಲಹೆ.

ಜೊಲ್ಲು ಯಾರದ್ದು?

2024ರಲ್ಲಿ ಅಮೆರಿಕದ ಬೋಸ್ಟನ್‌ನ ಟಿವಿ ವರದಿಗಾರ್ತಿಯೊಬ್ಬರು ತಮ್ಮದೇ ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಯನ್ನು ನಾಯಿಯ ತಳಿ ಪತ್ತೆ ಮಾಡುವ ಮೂರು ಕಂಪನಿಗಳಿಗೆ ಕಳಿಸಿದರು. ಎರಡು ಕಂಪನಿಗಳು ಈ ಮಾದರಿಯಿಂದ ಫಲಿತಾಂಶ ಕೊಡಲು ಸಾಧ್ಯವಿಲ್ಲ ಎಂದವು. ಮೂರನೆಯದು 40 ಶೇಕಡಾ ಅಲಾಸ್ಕನ್ ಮಾಲಮ್ಯೂಟ್, 35 ಶೇಕಡಾ ಶಾರ್ ಪೇ, 25 ಶೇಕಡಾ ಲ್ಯಾಬ್ರಡಾರ್ ಎಂದು ವರದಿ ಕಳಿಸಿತು! ನಗು ಬರುವ ಸುದ್ದಿ, ಆದರೆ ಇದರಲ್ಲೊಂದು ಪಾಠವೂ ಇದೆ. ‘ಆಗಲಿಲ್ಲ, ಮತ್ತೆ ಮಾದರಿ ಕಳಿಸಿ’ ಎಂದು ಹೇಳುವ ಲ್ಯಾಬ್ ಕೆಟ್ಟ ಲ್ಯಾಬ್ ಅಲ್ಲ. ಎಲ್ಲಕ್ಕೂ ಉತ್ತರ ಕೊಡುವ ಲ್ಯಾಬ್ ಬಗ್ಗೆಯೇ ಹುಷಾರಾಗಿರಬೇಕು.

ಕಾಯ್ಕಿಣಿಗೆ ಬಂದ ಪಿಡಿಎಫ್‌ನಲ್ಲಿ ನಮಗೆ ಕಂಡ ದೊಡ್ಡ ಕೊರತೆಯೂ ಇದೇ ಬಗೆಯದು. ಅದರಲ್ಲಿ ನಾಯಿಯ ಹೆಸರು ‘ಮ್ಯಾಕ್ಸ್’ ಎಂದಿತ್ತು, ಮೈಕ್ರೋಚಿಪ್ ಸಂಖ್ಯೆ ಇರಲಿಲ್ಲ. ಮಾದರಿ ತೆಗೆದವರು ಯಾರು ಎಂದೂ ಇರಲಿಲ್ಲ. ಇಂಥ ಒಂದು ವರದಿಯನ್ನು ಎಷ್ಟು ಮರಿಗಳ ಜೊತೆ ಬೇಕಾದರೂ ಕೊಡಬಹುದು. ಚರ್ಮದಡಿ ಹಾಕುವ ಚಿಪ್‌ನ 15 ಅಂಕಿಯ ಸಂಖ್ಯೆ ವರದಿಯಲ್ಲಿರಬೇಕು, ಪಶುವೈದ್ಯರು ಚಿಪ್ ಓದಿ ನೋಡಿ ಮಾದರಿ ತೆಗೆದು ಸಹಿ ಹಾಕಿರಬೇಕು. ನಾಯಿ ತಳಿ ಸಾಕಣೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮಾರುವ ಮುನ್ನ ಚಿಪ್ ಹಾಕಿಸಿರಬೇಕು. ಚಿಪ್ ಇಲ್ಲ ಎನ್ನುವ ಮಾರಾಟಗಾರರ ಡಿಎನ್‌ಎ ಸರ್ಟಿಫಿಕೇಟ್ ಓದುತ್ತ ಕೂರುವ ಅಗತ್ಯವೇ ಇಲ್ಲ.

ಕೆಸಿಐ ಪೇಪರ್ ಇದ್ದರೆ ಆರೋಗ್ಯವೂ ಖಾತ್ರಿ ಎಂದು ಹಲವರು ತಿಳಿದಿದ್ದಾರೆ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವುದು ವಂಶಾವಳಿಯ ದಾಖಲೆ. ಅಪ್ಪ ಯಾರು, ಅಮ್ಮ ಯಾರು ಎಂಬುದು ಅದರಲ್ಲಿರುತ್ತದೆ. ಇಬ್ಬರೂ ವಾಹಕರೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಮುಧೋಳ ನಾಯಿಯ ವಿಷಯವೇ ಬೇರೆ

ನಮ್ಮದೇ ರಾಜ್ಯದ ಜಾತಿನಾಯಿ ಮುಧೋಳ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆ ನೋಂದಾಯಿಸಿದ ಕೆಲವೇ ನಾಯಿ ತಳಿಗಳಲ್ಲಿ ಇದೂ ಒಂದು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿತ್ತು. ಇದಕ್ಕೂ ‘ಆಲ್ ಕ್ಲಿಯರ್’ ವರದಿ ತೋರಿಸುವವರಿದ್ದಾರೆ. ಆದರೆ ಲ್ಯಾಬ್‌ಗಳ ಪಟ್ಟಿಯಲ್ಲಿರುವ ಜೀನ್ ದೋಷಗಳು ಬಹುಪಾಲು ಪಾಶ್ಚಾತ್ಯ ತಳಿಗಳಲ್ಲಿ ಕಂಡುಹಿಡಿದವು. ಮುಧೋಳದಲ್ಲಿ ಅವು ಸಿಗಲಿಲ್ಲ ಎಂದರೆ, ಬೇರೆಯವರ ಮನೆಯ ಕೀಲಿಕೈ ನಮ್ಮ ಮನೆಯಲ್ಲಿ ಸಿಗಲಿಲ್ಲ ಎಂದ ಹಾಗೆ. ಈ ತಳಿಗೇ ವಿಶಿಷ್ಟವಾದ ತೊಂದರೆ ಏನಾದರೂ ಇದ್ದರೆ ಅದು ಆ ವರದಿಯಲ್ಲಿ ಕಾಣುವುದಿಲ್ಲ. ಮುಧೋಳ ಮರಿ ಬೇಕೆನ್ನುವವರು ಬೀದರ್ ಪಶು ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳ ಸಮೀಪದ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ, ತಂದೆ-ತಾಯಿ ನಾಯಿಗಳನ್ನು ಕಣ್ಣಾರೆ ನೋಡುವುದು ಹೆಚ್ಚು ಉಪಯುಕ್ತ.

ಇಂಥ ಚಿಕ್ಕ ಸಂಖ್ಯೆಯ ತಳಿಯಲ್ಲಿ ವಾಹಕ ನಾಯಿಗಳನ್ನೆಲ್ಲ ಸಂತಾನದಿಂದ ಹೊರಗಿಟ್ಟರೆ ಉಳಿದವು ಹತ್ತಿರದ ಸಂಬಂಧಿಗಳೇ ಆಗುತ್ತವೆ, ಒಂದು ರೋಗ ತಪ್ಪಿಸಲು ಹೋಗಿ ಹೊಸದನ್ನು ಕರೆತಂದಂತೆ.

ಲ್ಯಾಬ್‌ಗೆ ಹೀಗೆ ಕೇಳಿ

ಪರೀಕ್ಷೆ ಮಾಡಿಸಲೇಬೇಕೆಂದರೆ, ದುಡ್ಡು ಕಟ್ಟುವ ಮೊದಲು ಈ ಸಂದೇಶವನ್ನು ಲ್ಯಾಬ್‌ಗೆ ಕಳಿಸಬಹುದು. ಬೇಕಾದರೆ ಇಂಗ್ಲಿಷಿಗೆ ಬದಲಿಸಿಕೊಳ್ಳಿ:

‘ನಮ್ಮ ನಾಯಿ ಇಂಥ ತಳಿ. ಈ ತಳಿಗೆ ನೀವು ಸೂಚಿಸುವ ಪರೀಕ್ಷೆಗಳು ಯಾವುವು, ಪ್ರತಿಯೊಂದರ ಜೀನ್ ಮತ್ತು ಒಮಿಯಾ ಸಂಖ್ಯೆ ಏನು? ಈ ಪರೀಕ್ಷೆ ನಿಮ್ಮ 17025 ಸ್ಕೋಪ್‌ನಲ್ಲಿದೆಯೇ? ಪರೀಕ್ಷೆ ನಿಮ್ಮಲ್ಲೇ ಆಗುತ್ತದೆಯೋ, ಬೇರೆ ಲ್ಯಾಬ್‌ಗೆ ಕಳಿಸುತ್ತೀರೋ? ಕಳಿಸಿದರೆ ಆ ಲ್ಯಾಬ್‌ನ ಹೆಸರು ವರದಿಯಲ್ಲಿ ಇರುತ್ತದೆಯೇ? ಚಿಪ್ ಸಂಖ್ಯೆ ಮತ್ತು ಮಾದರಿ ತೆಗೆದ ವೈದ್ಯರ ಹೆಸರು ನಮೂದಿಸುತ್ತೀರಾ? ಮಾದರಿ ಕೆಟ್ಟರೆ ಮರುಪರೀಕ್ಷೆಗೆ ಹಣ ಕೊಡಬೇಕೇ? ವರದಿ ಅಸಲಿಯೇ ಎಂದು ಬೇರೆಯವರು ನಿಮ್ಮಲ್ಲಿ ಪರಿಶೀಲಿಸಬಹುದೇ?’

ಬೇರೆ ಲ್ಯಾಬ್‌ಗೆ ಕಳಿಸುವುದರಲ್ಲಿ ತಪ್ಪಿಲ್ಲ, ಕಿಟ್ ಮಾರುವ ಹಲವು ಕಂಪನಿಗಳು ಅದನ್ನೇ ಮಾಡುತ್ತವೆ. ಮುಚ್ಚಿಟ್ಟರೆ ಮಾತ್ರ ತಪ್ಪು, ಏಕೆಂದರೆ ಆಗ ನೀವು ಯಾರ ಮಾನ್ಯತೆ ಪರಿಶೀಲಿಸಬೇಕೆಂದೇ ಗೊತ್ತಾಗುವುದಿಲ್ಲ. ಇನ್ನು ಕೊನೆಯ ಪ್ರಶ್ನೆಗೆ ‘ಹೌದು’ ಎಂದರೆ, ಮಾರಾಟಗಾರರ ಪಿಡಿಎಫ್‌ನ ವರದಿ ಸಂಖ್ಯೆಯನ್ನು ಆ ಲ್ಯಾಬ್‌ಗೆ ಕಳಿಸಿ ಕೇಳಿಬಿಡಿ.

ಮಾದರಿ ತೆಗೆಯುವಾಗ ಒಂದೆರಡು ಎಚ್ಚರ. ಮರಿಯಾದರೆ ತಾಯಿಯಿಂದಲೂ ಜೊತೆಯ ಮರಿಗಳಿಂದಲೂ ಒಂದು ಗಂಟೆಯಾದರೂ ಬೇರೆ ಇಡಿ, ಆ ಹೊತ್ತಿನಲ್ಲಿ ಏನೂ ತಿನ್ನಿಸಬೇಡಿ. ಬಾಯಲ್ಲಿ ತಾಯಿಯ ಹಾಲಿದ್ದರೆ ತಾಯಿಯ ಡಿಎನ್‌ಎ ಕೂಡ ಸೇರಿಕೊಳ್ಳುತ್ತದೆ. ಎರಡು ನಾಯಿಗಳ ಮಾದರಿಯನ್ನು ಒಟ್ಟಿಗೆ ತೆಗೆಯುವುದಾದರೆ ನಡುವೆ ಕೈ ತೊಳೆಯಿರಿ, ಲಕೋಟೆಯ ಮೇಲೆ ಹೆಸರನ್ನು ಮೊದಲೇ ಬರೆದಿಡಿ. ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಸಮಸ್ಯೆ ಇದೆ. ಒದ್ದೆ ಸ್ವಾಬನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಭಟ್ಕಳದಿಂದ ಪೋಸ್ಟ್ ಮಾಡಿದರೆ ತಲುಪುವಷ್ಟರಲ್ಲಿ ಬೂಸ್ಟು ಹಿಡಿದಿರಬಹುದು. ಲ್ಯಾಬ್ ಬೇರೆ ಸೂಚನೆ ಕೊಡದಿದ್ದರೆ ಫ್ಯಾನಿನ ಕೆಳಗೆ, ಯಾರೂ ಮುಟ್ಟದ ಹಾಗೆ ಪೂರ್ತಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ ಸೋಮವಾರವೋ ಮಂಗಳವಾರವೋ ಕಳಿಸಿ, ಭಾನುವಾರ ದಾರಿಯಲ್ಲಿ ಬಿದ್ದಿರುವುದು ತಪ್ಪುತ್ತದೆ.